ಪಟ್ಟಿ ಸರಿ ಮಾಡಿಟ್ಟೀನ್ರಿ

ಕಂಪ್ಯೂಟರಿನ ಡ್ರೈವಿನ ಬಾಯೊಳಗೆ ಪೂಜೆಯ ಕುಂಕುಮ ಬಿದ್ದಿರಬಹುದೆಂಬ ಚಿಂತೆ ಇಂದ್ರಾಬಾಯಿಯನ್ನು ನಾಲ್ಕು ದಿನ ಬಿಡಲಿಲ್ಲ. ಹಾಲಿಗೆ ಹೆಪ್ಪು ಹಾಕುವಾಗ ಅದೇ ಚಿಂತೆ, ಮಗಳ ಬಟ್ಟೆ ಹಿಂಡುವಾಗ ಅದೇ ಚಿಂತೆ. ದಸರೆಯ ಸಂಜೆ ನೆರೆಮನೆಯವರು ಬನ್ನಿ ಎಲೆ ಕೈಗಿಟ್ಟು, "ಬಂಗಾರದಂಗ ಇರೂಣರಿ" ಎಂದಾಗ ಆಕೆ ಎಲೆಯನ್ನೇ ನೋಡುತ್ತ ನಿಂತಳು. ಇಂಥ ಒಂದು ಹಿಡಿ ಎಲೆಯನ್ನು ಆ ಯಂತ್ರದ ಮೇಲೂ ಏರಿಸಿರುತ್ತಾರೆ, ಒಂದಾದರೂ ಒಳಗೆ ಜಾರಿರುತ್ತದೆ ಎನಿಸಿತು.

ಹಿಂದಿನ ದಿನ ಖಂಡೇಪೂಜೆ, ಯಂತ್ರ-ಆಯುಧಗಳಿಗೆಲ್ಲ ಪೂಜೆ; ಆಕೆ ತಾನು ಕೆಲಸ ಮಾಡುವ ಕೇಂದ್ರದಲ್ಲಿ ಇರಬೇಕಿತ್ತು. ಇರಲಿಲ್ಲ. ಒಂದೂವರೆ ವರ್ಷದ ಮಗಳ ಮೈ ಬೆಳಗಿನಿಂದ ಬೆಚ್ಚಗಿತ್ತು. "ಹಲ್ಲು ಬರೂ ಜ್ವರಾ ಐತಿ, ನೀ ಹೋಗು. ಹಿಂದಕ ನಾ ಏನು ಮಕ್ಕಳನ್ನ ಹಡದೇ ಇಲ್ಲೇನು?" ಎಂದು ಅತ್ತೆ ಗುರುಲಿಂಗವ್ವ ಗದರಿದರೂ ಇಂದ್ರಾಬಾಯಿ ಎರಡು ಸಲ ಹೊಸ್ತಿಲು ದಾಟಿ, ಎರಡು ಸಲ ತಿರುಗಿ ಬಂದು, ಕೊನೆಗೆ ಚಪ್ಪಲಿ ಕಳಚಿಟ್ಟು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಜ್ವರವೆಂದರೆ ಊರ ತಾಯಂದಿರಿಗೆಲ್ಲ ಬರೀ ಜ್ವರ. ಆಕೆಗೆ ಹಾಗಲ್ಲ. 'ಎರಡು ದಿನ ಜ್ವರ ಇತ್ತು, ಮೂರನೆಯ ದಿನ ಕಾಲು ಏಳಲಿಲ್ಲ' ಎಂಬ ಸಾಲನ್ನು ಆಕೆ ಎಪ್ಪತ್ತಮೂರು ಸಲ ಟೈಪು ಮಾಡಿದ್ದಳು.

ಅದು ಎಂಬತ್ತೇಳನೆಯ ಇಸವಿ. ಇಳಕಲ್ಲಿನ ಪೇಟೆಯ ಹಿಂದೆ, ಹಳೆಯದೊಂದು ಹತ್ತಿ ವಖಾರಿಯಲ್ಲಿ ಪೋಲಿಯೋ ಮಕ್ಕಳ ಕೇಂದ್ರ ನಡೆಯುತ್ತಿತ್ತು. ಬಾಗಲಕೋಟೆಯ ಡಾಕ್ಟರ್ ಅಮಾತೆಪ್ಪನವರು ಕಟ್ಟಿದ್ದು. ಹುನಗುಂದ, ಬಾದಾಮಿ ತಾಲೂಕುಗಳ ಮಕ್ಕಳನ್ನು ಅಲ್ಲಿ ನೋಡಿ, ಕಾಲಿನ ಅಳತೆ ತೆಗೆದು, ಮಿರಜಿನ ಕಾರ್ಖಾನೆಗೆ ಕಳಿಸಿ, ಕ್ಯಾಲಿಪರ್ ಮಾಡಿಸಿ ತೊಡಿಸುತ್ತಿದ್ದರು. ಕ್ಯಾಲಿಪರ್ ಅನ್ನುವವರು ಡಾಕ್ಟರೊಬ್ಬರೇ. ಜನಕ್ಕೆ ಅದು ಕಬ್ಬಿಣದ ಬೂಟು. ಎರಡು ವರ್ಷದ ಹಿಂದೆ ಮುಂಬಯಿಯ ದಾನಿಯೊಬ್ಬರು ಕೇಂದ್ರಕ್ಕೊಂದು ಕಂಪ್ಯೂಟರ್ ಕೊಟ್ಟರು. ಹುಬ್ಬಳ್ಳಿಯಲ್ಲಿ ಓದಿ, ಆರು ತಿಂಗಳ ಕಂಪ್ಯೂಟರ್ ಕೋರ್ಸನ್ನೂ ಮುಗಿಸಿ, ಹುನಗುಂದದ ಶಾಲೆಯ ಮಾಸ್ತರನ್ನು ಮದುವೆಯಾಗಿ ಇಳಕಲ್ಲಿಗೆ ಬಂದಿದ್ದ ಇಂದ್ರಾಬಾಯಿಯನ್ನು ಆ ಯಂತ್ರವೇ ಕೆಲಸಕ್ಕೆ ಕರೆಯಿತೆನ್ನಬೇಕು. ಊರಿನಲ್ಲಿ ಅದರ ಮುಂದೆ ಕೂರಬಲ್ಲವರು ಬೇರೆ ಯಾರೂ ಇರಲಿಲ್ಲ. "ಸಿಟಿ ಸೊಸಿ" ಎಂಬ ಹೆಸರು ಮೊದಲೇ ಬಿದ್ದಿತ್ತು. ಈಗ ಅದಕ್ಕೆ ಸಂಬಳವೂ ಬಂತು.

ಯಂತ್ರಕ್ಕೆ ತನ್ನದೆಂಬ ನೆನಪಿರಲಿಲ್ಲ. ಕರೆಂಟು ಹೋದರೆ ಎಲ್ಲ ಮರೆತು ಕಪ್ಪಾಗುತ್ತಿತ್ತು. ನೆನಪೆಲ್ಲ ಫ್ಲಾಪಿಯಲ್ಲಿ: ಅಂಗೈ ಅಗಲದ, ಕಪ್ಪು ರಟ್ಟಿನಂಥ ತೆಳು ಚೌಕ. ಅದನ್ನು ಓದುವ, ಬರೆಯುವ ಡ್ರೈವ್ ಎಂಬುದು ಕಂಪ್ಯೂಟರಿನ ಪಕ್ಕಕ್ಕೆ ಬೇರೆಯೇ ಒಂದು ತಗಡಿನ ಪೆಟ್ಟಿಗೆ. ಮುಂದುಗಡೆ ಸೀಳಿದಂತೆ ಬಾಯಿ, ಬಾಯ ಪಕ್ಕ ಒಂದು ಸಣ್ಣ ಕೆಂಪು ದೀಪ. ಎರಡಕ್ಕೂ ನಡುವೆ ಬೂದು ಬಣ್ಣದ ಚಪ್ಪಟೆ ತಂತಿಯ ಪಟ್ಟಿ, ಮೂವತ್ತುನಾಲ್ಕು ಎಳೆ ಒತ್ತಾಗಿ ಮಲಗಿಸಿದಂಥದು. ಒಂದು ಅಂಚಿನ ಎಳೆ ಮಾತ್ರ ಕೆಂಪು.

ಹಬ್ಬ ಮುಗಿದು ಕೇಂದ್ರ ತೆರೆದ ಸೋಮವಾರ ಅಂಥ ಒಂದು ಫ್ಲಾಪಿಯಲ್ಲಿ ಎಪ್ಪತ್ತಮೂರು ಮಕ್ಕಳ ಕಾಲುಗಳಿದ್ದವು. ಒಬ್ಬೊಬ್ಬರಿಗೆ ಹದಿನಾಲ್ಕು ಅಳತೆ: ತೊಡೆಯ ಸುತ್ತು, ಮೊಣಕಾಲಿನಿಂದ ಹಿಮ್ಮಡಿ, ಪಾದದ ಅಗಲ, ಹೀಗೆ. ಅದನ್ನೆಲ್ಲ ಕಾಗದದ ಮೇಲೆ ಇಳಿಸಲು ಪ್ರಿಂಟರಿನ ರಿಬ್ಬನ್ನು ಹುಬ್ಬಳ್ಳಿಯಿಂದ ಬರಬೇಕಿತ್ತು. ಹಬ್ಬದ ಮರುದಿನ ಅಂಚೆಯಲ್ಲಿ ಬಂದಿತ್ತು. ಮಂಗಳವಾರ ಬೆಳಿಗ್ಗೆ ಏಳರ ಬಸ್ಸಿಗೆ ಮ್ಯಾನೇಜರ್ ಹೊಳಬಸಪ್ಪ ಆ ಕಾಗದ ಹಿಡಿದು ಮಿರಜಿಗೆ ಹೋಗಬೇಕು. ಬುಧವಾರ ಕಾರ್ಖಾನೆಯಲ್ಲಿ ಕೇಂದ್ರದ ಪಾಳಿ. ತಪ್ಪಿದರೆ ಪಾಳಿ ಬೇರೆಯವರಿಗೆ, ಮಕ್ಕಳಿಗೆ ತೊಡಿಸುವ ಬಾದಾಮಿಯ ಶಿಬಿರಕ್ಕೆ ಬೂಟು ಇಲ್ಲ, ಮುಂದಿನ ಶಿಬಿರ ಬರುವ ವರ್ಷ. ಬೆಳೆಯುವ ಮಕ್ಕಳ ಕಾಲು ಒಂದು ವರ್ಷ ಸುಮ್ಮನೆ ಕಾಯುವುದಿಲ್ಲ, ಇನ್ನಷ್ಟು ಡೊಂಕಾಗುತ್ತದೆ.

ಹಳ್ಳಿಯಿಂದ ಬಂದ ಅಳತೆ ಚೀಟಿಗಳು? ಹಬ್ಬದ ಮುಂಚೆ ಕೇಂದ್ರವನ್ನೆಲ್ಲ ಗುಡಿಸಿ ಸಾರಿಸುವಾಗ ಹೊಳಬಸಪ್ಪ ಚೀಟಿಯ ಕಟ್ಟು ಹಿಡಿದು ಕೇಳಿದ್ದರು:

"ಇಂದ್ರಾ, ಈ ಚೀಟಿ ಇನ್ನ ಬೇಕೇನವಾ?"

"ಎಲ್ಲಾ ಕಂಪ್ಯೂಟರಿನಾಗ ಐತ್ರಿ ಕಾಕಾ. ಮತ್ತ ಕಾಗದ ಕಟಗೊಂಡು ಏನು ಮಾಡೂದ್ರಿ?" ಎಂದು ಆಕೆ ನಕ್ಕಿದ್ದಳು. ಹೊಳಬಸಪ್ಪ ಆಕೆಗೆ ಸಂಬಂಧಿಯೇನಲ್ಲ, ಕೇಂದ್ರದಲ್ಲಿ ಎಲ್ಲರಿಗೂ ಕಾಕಾ. ಕಟ್ಟು ರದ್ದಿಗೆ ಹೋಯಿತು. ಚುರಮುರಿಯ ಪೊಟ್ಟಣವಾಗಿ ಊರೆಲ್ಲ ಹಂಚಿಯೂ ಆಗಿರಬೇಕು.

ಒಂಬತ್ತೂವರೆಗೆ ಆಕೆ ಒಳಗೆ ಬರುವಾಗ ಆಯಾ ಅಲೀಮಾ ಕಸ ಗುಡಿಸುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ಬೆಳಿಗ್ಗೆ ಕೇಂದ್ರ, ಮಧ್ಯಾಹ್ನದ ಮೇಲೆ ಮಗ್ಗದ ಮನೆ. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೂಡಿಸುವ ಕೆಲಸದಲ್ಲಿ ಆ ಓಣಿಯಲ್ಲಿ ಆಕೆಯ ಕೈಯೇ ಮುಂದು.

"ಪೂಜಿ ಭಾಳ ಛಂದ ಆತ್ರಿ ಅಕ್ಕಾರ. ನೀವs ಇರಲಿಲ್ಲ. ಪಟ್ಟಿ ತಿರುವಿ ಬಿದ್ದಿತ್ತು, ನಾ ಸರಿ ಮಾಡಿಟ್ಟೀನ್ರಿ."

ಗೋಡೆಯ ಮೇಲೆ ಹಾಲು ಹಂಚುವ ಪಟ್ಟಿ ತೂಗಾಡುತ್ತಿತ್ತು. ಅದು ಗಾಳಿಗೆ ಯಾವಾಗಲೂ ತಿರುವುವುದೇ. "ಛಲೋ ಮಾಡಿದಿ" ಎಂದು ಇಂದ್ರಾಬಾಯಿ ಆ ಕಡೆ ತಿರುಗಿಯೂ ನೋಡದೆ ನೇರ ಯಂತ್ರದ ಕಡೆ ನಡೆದಳು.

ಪರದೆಯ ಹಣೆಗೆ ಮೂರೆಳೆ ವಿಭೂತಿ, ಕೀಲಿಮಣೆಯ ಮೇಲೆ ಒಣಗಿದ ಚೆಂಡುಹೂವು. ಡ್ರೈವಿನ ಪೆಟ್ಟಿಗೆಗೂ ವಿಭೂತಿ, ನಡುವೆ ಕುಂಕುಮ. ಎಡಗಡೆ ಇರುತ್ತಿದ್ದ ಪೆಟ್ಟಿಗೆ ಈಗ ಬಲಗಡೆ ಇತ್ತು.

"ಅದನ್ಯಾಕ ಸರಿಸಿದ್ರಿ ಕಾಕಾ?"

"ಪೂಜಾದಾಗ ಎಡಕ್ಕ ಇಡತಾರೇನವಾ? ಬಲಕ್ಕ ಇಟ್ಟು, ಕಾಯಿ ಒಡದು, ಕೈ ಮುಗದೇವಿ. ನಿನ್ನ ಮಶೀನಿಗೆ ಹೋಳಿಗಿ ನೈವೇದ್ಯನೂ ಆಗೈತಿ. ಇನ್ನೇನ ಬೇಕ?"

ಆಕೆ ಬಾಗಿ, ಟಾರ್ಚಿನ ಬೆಳಕು ಬಿಟ್ಟು ಡ್ರೈವಿನ ಬಾಯೊಳಗೆ ನೋಡಿದಳು. ಕುಂಕುಮವಿರಲಿಲ್ಲ, ಅಕ್ಕಿಕಾಳೂ ಇಲ್ಲ. ನಾಲ್ಕು ದಿನದ ಭಾರ ಇಳಿದು ಒಂದು ಉಸಿರು ಬಿಟ್ಟಳು. ಫ್ಲಾಪಿ ಹಾಕಿ ಸ್ವಿಚ್ಚು ಒತ್ತಿದಳು.

ಪರದೆ ಬೆಳಗಿತು. ಡ್ರೈವಿನ ಕೆಂಪು ದೀಪವೂ ಹೊತ್ತಿತು. ಯಾವಾಗಲೂ ಅದು ಓದುವಷ್ಟು ಹೊತ್ತು ಉರಿದು ಆರುತ್ತಿತ್ತು. ಇವತ್ತು ಆರಲಿಲ್ಲ. ಫ್ಲಾಪಿಯಲ್ಲಿ ಏನೇನಿದೆ ತೋರಿಸು ಎಂದು ಆಕೆ ಬೆರಳಿನಲ್ಲಿ ಆಜ್ಞೆ ಒತ್ತಿದರೆ ಪರದೆಯ ಮೇಲೆ ಒಂದೇ ಸಾಲು ಮೂಡಿತು: ಡ್ರೈವ್ ನಾಟ್ ರೆಡಿ.

ಮತ್ತೆ ಒತ್ತಿದಳು. ಅದೇ ಸಾಲು.

ಎಲ್ಲ ಆರಿಸಿ, ಐವತ್ತರ ತನಕ ಎಣಿಸಿ, ಮತ್ತೆ ಹಚ್ಚಿದಳು. ಫ್ಲಾಪಿ ತೆಗೆದು, ಸೀರೆಯ ತುದಿಯಿಂದ ಮೇಲಷ್ಟೇ ಒರೆಸಿ, ಮತ್ತೆ ಹಾಕಿದಳು. ಸ್ಟೆಬಿಲೈಸರ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಕೊಟ್ಟಳು. ಕೇಬಲ್ಲಿನ ಎರಡೂ ತುದಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಬಿಗಿಯಾಗಿ ಕೂತಿದ್ದವು. ಕೇಬಲ್ಲು ಹಿಂದೆಂದಿಗಿಂತಲೂ ನೀಟಾಗಿ, ಇಸ್ತ್ರಿ ಮಾಡಿದ ಹಾಗೆ ಸಪಾಟಾಗಿ ಮಲಗಿತ್ತು. ಡ್ರೈವಿನ ಬಾಯೊಳಗೆ ಹತ್ತಿಯಲ್ಲಿ ಸ್ಪಿರಿಟ್ಟು ಹಚ್ಚಿ ಒರೆಸಿದಳು. ಕಾಗದ ಬರೆಯುವ ಪ್ರೋಗ್ರಾಮಿನ ಇನ್ನೊಂದು ಫ್ಲಾಪಿ ಹಾಕಿದಳು. ಅದಕ್ಕೂ ಅದೇ ಉತ್ತರ. ಮತ್ತೆ ಅಳತೆಯ ಫ್ಲಾಪಿಯನ್ನೇ ಹಾಕಿದಳು. ದೀಪ ಉರಿಯುತ್ತಲೇ ಇತ್ತು, ರೆಪ್ಪೆ ಬಡಿಯದ ಕಣ್ಣಿನ ಹಾಗೆ.

ಹೊಳಬಸಪ್ಪ ಕುರ್ಚಿಯನ್ನು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. "ಮುನಿಸಿಕೊಂಡೈತೇನ? ನೀ ಪೂಜಾಕ ಬರಲಿಲ್ಲ ಅಂತ?"

"ಚಾಷ್ಟಿ ಮಾಡಬ್ಯಾಡ್ರಿ ಕಾಕಾ. ಡ್ರೈವ್ ಐತಿ ಅಂತನ ಕಂಪ್ಯೂಟರಿಗೆ ಗೊತ್ತಾಗವಲ್ದು."

"ಬಗಲಾಗ ಕುಂತದ್ದು ಗೊತ್ತಾಗವಲ್ದ?"

"ಇಲ್ರಿ."

"ನಮ್ಮ ಮನ್ಯಾಕಿ ಹಂಗ" ಎಂದು ನಗಲು ಹೊರಟವರು ಆಕೆಯ ಮುಖ ನೋಡಿ ಮಾತು ತಿರುಗಿಸಿದರು. "ಹುಬ್ಬಳ್ಳಿ ಇಂಜಿನೇರಗ ಫೋನ್ ಹಚ್ಚಲೇನ?"

"ಆತ ಬರೂದು ಗುರುವಾರ. ಪ್ರತಿ ಗುರುವಾರ ಅಷ್ಟs."

"ಡಾಕ್ಟರ್ ಸಾಹೇಬ್ರಿಗೆ?"

ಇಂದ್ರಾಬಾಯಿಯ ಕಣ್ಣು ಕಪಾಟಿನ ಕಡೆ ಹೋಯಿತು. ಎರಡು ಫ್ಲಾಪಿ ಮಾಡು, ಒಂದನ್ನು ಮನೆಯಲ್ಲಿಡು ಎಂದು ಡಾಕ್ಟರು ಬಂದಾಗಲೆಲ್ಲ ಹೇಳಿದ್ದರು. ಹೊಸ ಫ್ಲಾಪಿ ಕಪಾಟಿನಲ್ಲಿತ್ತು. ಹತ್ತು ನಿಮಿಷದ ಕೆಲಸ. ಕೂಸಿಗೆ ಹಾಲಿನ ಹೊತ್ತಾಯಿತೆಂದು ಒಂದು ದಿನ, ಬಸ್ಸಿನಿಂದ ಗಂಡ ಇನ್ನೂ ಇಳಿದಿಲ್ಲವೆಂದು ಒಂದು ದಿನ, ಗ್ಯಾಸು ಆರಿಸಿ ಬಂದೆನೋ ಇಲ್ಲವೋ ಎಂದು ಒಂದು ದಿನ, ಮನೆಯ ಕಡೆ ಓಡಿದ್ದಳು. ನೂರು ಚಿಂತೆ ಮಾಡುವಾಕೆ ಮಾಡಬೇಕಾದ ಒಂದು ಚಿಂತೆಯನ್ನು ಬಿಟ್ಟಿದ್ದಳು.

ಹನ್ನೆರಡರ ಹೊತ್ತಿಗೆ ಕಂದಗಲ್ಲಿನ ಸೋಮವ್ವ ಬಂದಳು, ಬಗಲಲ್ಲಿ ಆರು ವರ್ಷದ ಮಗಳು ರಂಗವ್ವ. ಕುರಿಗಾರರ ಮನೆಯ ಹೆಂಗಸು, ಸಂತೆಗೆ ಉಣ್ಣೆ ತಂದವಳು ಹಾಗೇ ಒಳಗೆ ಹೊಕ್ಕಿದ್ದಳು. ಮಗಳನ್ನು ಬಾಗಿಲ ಬಳಿಯ ಮರದ ಬಾಂಕಿನ ಮೇಲೆ ಇಳಿಸಿ ಕೇಳಿದಳು:

"ಅಕ್ಕಾರ, ನಮ್ಮ ಹುಡಿಗಿ ಮಶೀನಿನಾಗ ಅದಾಳಲ್ರಿ?"

"ಅದಾಳವಾ" ಎಂದಳು ಇಂದ್ರಾಬಾಯಿ.

"ಈ ಸಲ ಬರೊಬ್ಬರಿ ಅಳದೀರಿ, ಹೌದಲ್ರಿ? ಹೋದ ಸಲ ಬ್ಯಾರೇ ಊರಾಗ ಯಾರೋ ಕೊಟ್ಟಿದ್ರು. ಕಣ್ಣಳತಿ ಮ್ಯಾಲೆ ಮಾಡಿದ್ದು. ನೋಡ್ರಿಲ್ಲೆ." ಆಕೆ ಮಗಳ ಪರಕಾರದ ಅಂಚು ಎತ್ತಿದಳು. ಮೊಣಕಾಲಿನ ಹಿಂದೆ ಕಬ್ಬಿಣದ ಪಟ್ಟಿ ಕೊರೆದ ಗಾಯ ಮಾಗಿ, ಅಂಗೈಯಷ್ಟು ಕಪ್ಪು ಗುಳಿಯಾಗಿತ್ತು. "ಹುಳಾ ಬಿದ್ದಿತ್ರಿ. ಮೂರು ತಿಂಗಳಾ ಹೊರಸಿನ ಮ್ಯಾಲಿಂದ ಏಳಲಿಲ್ಲ. ಬೂಟು ತಗದು ಬಾವಿಗೆ ಒಗದೀನಿ."

ರಂಗವ್ವ ಮಾತ್ರ ತನ್ನ ಕಾಲಿನ ಕಡೆ ನೋಡದೆ ಯಂತ್ರದ ಕಡೆ ನೋಡುತ್ತಿದ್ದಳು. "ಯವ್ವಾ, ದೀಪ ನೋಡು, ಕೆಂಪಂದು" ಎಂದಳು.

ಇಂದ್ರಾಬಾಯಿ ಎದ್ದು ಕಪಾಟಿನ ತಳದಿಂದ ಯಂತ್ರದ ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕ ಎಳೆದಳು. ಹುಬ್ಬಳ್ಳಿಯ ಇಂಜಿನಿಯರು ಇದ್ದಾನಲ್ಲ ಎಂದು ಎರಡು ವರ್ಷ ಅದನ್ನು ತೆರೆದಿರಲಿಲ್ಲ. ಕೊನೆಯ ಪುಟಗಳಲ್ಲಿ ತೊಂದರೆಗಳ ಕೋಷ್ಟಕ. ಬೆರಳಿಟ್ಟು ಇಳಿದಳು. ದೀಪ ಹೊತ್ತುವುದೇ ಇಲ್ಲ: ಕರೆಂಟು ನೋಡಿ. ದೀಪ ಮಿಣುಕುತ್ತದೆ: ಫ್ಲಾಪಿ ಕೆಟ್ಟಿದೆ. ದೀಪ ಹೊತ್ತಿ ಆರುವುದೇ ಇಲ್ಲ: ಕೇಬಲ್ಲಿನ ಒಂದು ತುದಿ ತಿರುವುಮುರುವು ಕೂತಿದೆ, ಕೆಂಪು ಎಳೆ ಎರಡೂ ಕಡೆ ಒಂದನೆಯ ನಂಬರಿನ ಬದಿಗೆ ಇರಬೇಕು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: ಹೀಗಾದಾಗ ಫ್ಲಾಪಿಯನ್ನು ಕೂಡಲೇ ಹೊರಗೆ ತೆಗೆಯಿರಿ, ಅದರ ಮೇಲಿನ ಬರಹ ಅಳಿಸಿಹೋಗಬಹುದು.

ಆಕೆ ಆ ಸಾಲನ್ನು ಮೂರು ಸಲ ಓದಿದಳು. ಬೆಳಗಿನಿಂದ ಫ್ಲಾಪಿಯನ್ನು ಎಷ್ಟು ಸಲ ಹಾಕಿದ್ದೆ ಎಂದು ಎಣಿಸಲು ಹೋದಳು. ಹನ್ನೊಂದೋ, ಹನ್ನೆರಡೋ. ಈಗಲೂ ಒಳಗೇ ಇತ್ತು. ಓಡಿ ಹೋಗಿ ಕಿತ್ತುಕೊಂಡಳು.

"ಇದರ ಕೇಬಲ್ಲು ಯಾರು ಮುಟ್ಟೀರಿ?" ಆಕೆಯ ದನಿ ವಖಾರಿಯ ತಗಡಿಗೆ ಹೊಡೆದು ತಿರುಗಿ ಬಂತು. "ಯಾರು ಮುಟ್ಟೀರಿ ಇದನ್ನ?"

ಹೊರಗೆ ಹಾಲಿನ ಲೋಟ ತೊಳೆಯುತ್ತಿದ್ದ ಅಲೀಮಾ ಒದ್ದೆ ಕೈಯಲ್ಲೇ ಬಂದು ನಿಂತಳು. "ಯಾವುದ್ರಿ? ಆ ಪಟ್ಟಿ ಏನ್ರಿ? ನಾನ. ಮುಂಜಾನೆ ಹೇಳಿದ್ನಲ್ರಿ."

"ಯಾವಾಗ ಹೇಳಿದಿ?"

"ಪಟ್ಟಿ ತಿರುವಿ ಬಿದ್ದಿತ್ತು, ಸರಿ ಮಾಡಿಟ್ಟೀನ್ರಿ ಅಂದೆ. ಛಲೋ ಮಾಡಿದಿ ಅಂದ್ರಿ ನೀವು."

ಇಂದ್ರಾಬಾಯಿ ಗೋಡೆಯ ಮೇಲಿನ ಹಾಲಿನ ಪಟ್ಟಿಯ ಕಡೆ ನೋಡಿದಳು. ಅದು ಎಂದಿನ ಹಾಗೆ ಸೊಟ್ಟಗೆ ತೂಗುತ್ತಿತ್ತು. ಅದನ್ನು ಯಾರೂ ಸರಿ ಮಾಡಿರಲಿಲ್ಲ.

"ಯಾಕ ಮುಟ್ಟಿದಿ ಅಲೀಮಾ? ಎರಡು ವರ್ಷ ಅದು ಹಂಗs ಇತ್ತು. ನಡುವ ಒಂದು ಹೊರಳು ಇತ್ತು."

"ಅದಕ್ಕನ ಮುಟ್ಟೀನ್ರಿ!" ಅಲೀಮಾಳಿಗೆ ತಾನು ಮಾಡಿದ್ದು ತಪ್ಪೆಂದು ಇನ್ನೂ ಹೊಳೆದಿರಲಿಲ್ಲ. "ಪೂಜಾಕ ಪೆಟಿಗಿ ಬಲಕ್ಕ ಸರಿಸಿದ್ರು, ಎಳಿ ಎಲ್ಲಾ ತಿರುವಿ ನಿಂತದ್ದು ಆಗ ಕಣ್ಣಿಗೆ ಬಿತ್ತು. ಹಾಸು ತಿರುವಿದ್ರ ಮಗ್ಗದಾಗ ಒಂದು ಗೇಣು ನೇಯಾಕ ಬರಂಗಿಲ್ರಿ. ತಿರುವಿದ ಹಾಸು ನೋಡಿ ಸುಮ್ಮನ ಬಿಟ್ಟು ಹೋಗಿದ್ರ ನಮ್ಮಪ್ಪ ನನ್ನ ಕೈ ಮುರೀತಿದ್ದ. ಅದಕ್ಕ ಒಂದು ಕಡೆ ಬಿಚ್ಚಿ, ತಿರುವು ತಗದು, ಗಟ್ಯಾಗಿ ಕೂಡ್ರಿಸೀನಿ."

ಆ ತಿರುವೇ ಸರಿಯಾಗಿತ್ತು. ಇಂಜಿನಿಯರು ಬೇಕೆಂದೇ ಹಾಗೆ ಬಿಟ್ಟಿದ್ದ. ಕೇಬಲ್ಲು ಕೂರುವಲ್ಲಿ ಕಂಪ್ಯೂಟರಿನ ಒಂದನೆಯ ನಂಬರು ಒಂದು ಬದಿಗೆ, ಪೆಟ್ಟಿಗೆಯದು ಎದುರು ಬದಿಗೆ. ಎರಡು ವರ್ಷ ಪಕ್ಕದಲ್ಲೇ ಕೂತರೂ ಆ ಹೊರಳು ಯಾಕೆಂದು ಇಂದ್ರಾಬಾಯಿ ವಿಚಾರ ಮಾಡಿರಲಿಲ್ಲ. ಎಳೆಯ ತಿರುವು ಕಾಣುವ ಕಣ್ಣಿದ್ದಾಕೆ ಕಂಡ ದಿನವೇ ಬಿಡಿಸಿದಳು.

"ಮೂರ್ಖರಂಗ" ಎಂದುಬಿಟ್ಟಳು ಇಂದ್ರಾಬಾಯಿ. ಅಲೀಮಾಳ ಮುಖ ಸಣ್ಣಗಾಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಗೋಡೆಗೆ ಆನಿದಳು. ಸೋಮವ್ವ ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಇಂದ್ರಾಬಾಯಿ ಎಲ್ಲ ಆರಿಸಿ, ಕೇಬಲ್ಲಿನ ಒಂದು ತುದಿ ಕಿತ್ತು, ಹೊರಳಿಸಿ, ಕೆಂಪು ಎಳೆಯನ್ನು ಒಂದನೆಯ ನಂಬರಿನ ಬದಿಗೆ ತಂದು ಒತ್ತಿದಳು. ಪಟ್ಟಿ ನಡುವೆ ಒಂದು ಹೊರಳು ಬಿತ್ತು. ಅಲೀಮಾ ಮುಖ ತಿರುಗಿಸಿದಳು, ನೋಡಲಾಗಲಿಲ್ಲವೇನೋ. ಸ್ವಿಚ್ಚು ಒತ್ತಿದರೆ ಕೆಂಪು ದೀಪ ಒಂದು ಕ್ಷಣ ಹೊತ್ತಿ ಆರಿತು.

"ಹತ್ತಿತೇನು?" ಹೊಳಬಸಪ್ಪ ಎದ್ದು ನಿಂತರು.

"ಆರಿತ್ರಿ. ಆರಬೇಕಿತ್ತು."

ಮೊದಲು ಕಾಗದ ಬರೆಯುವ ಫ್ಲಾಪಿ ಹಾಕಿದಳು. ಸರಸರ ಓದಿತು. ಹೊಳಬಸಪ್ಪ ಕೈ ಮುಗಿದರು. ಆ ಫ್ಲಾಪಿಯ ಬದಿಯ ಕಚ್ಚಿಗೆ ಬೆಳ್ಳಿ ಬಣ್ಣದ ಚೀಟಿ ಅಂಟಿಸಿತ್ತು. ಅದು ಇದ್ದರೆ ಡ್ರೈವು ಓದಬಹುದೇ ಹೊರತು ಬರೆಯಲಾಗದು, ಅಳಿಸಲೂ ಆಗದು. ಅಳತೆಯ ಫ್ಲಾಪಿಗೆ ಆ ಚೀಟಿ ಇರಲಿಲ್ಲ. ದಿನವೂ ಹೊಸ ಮಕ್ಕಳ ಹೆಸರು ಸೇರಿಸಬೇಕಿತ್ತಲ್ಲ.

ಅದನ್ನು ಹಾಕಿದಳು. ದೀಪ ಹೊತ್ತಿತು, ಪೆಟ್ಟಿಗೆಯೊಳಗೆ ಏನೋ ಕೆರೆದಂತೆ ಸದ್ದಾಯಿತು, ಮತ್ತೆ ಕೆರೆಯಿತು, ಮತ್ತೆ. ದೀಪ ಆರಿತು. ಪರದೆಯ ಮೇಲೆ, ಈ ಫ್ಲಾಪಿಯಲ್ಲಿ ಓದುವಂಥದು ಏನೂ ಇಲ್ಲ ಎಂಬ ಅರ್ಥದ ಒಂದು ಸಾಲು.

ಯಂತ್ರ ಡ್ರೈವನ್ನು ಗುರುತಿಸಿತು. ಮಕ್ಕಳನ್ನು ಗುರುತಿಸಲಿಲ್ಲ.

ಎರಡು ತಾಸು ಆಕೆ ಅಲ್ಲಿಂದ ಏಳಲಿಲ್ಲ. ಪುಸ್ತಕದಲ್ಲಿದ್ದ ಆಜ್ಞೆಗಳನ್ನೆಲ್ಲ ಒಂದೊಂದಾಗಿ ಒತ್ತಿದಳು. ಊಟದ ಡಬ್ಬಿ ಬಿಚ್ಚಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು, ಕುಪ್ಪಸ ಒದ್ದೆಯಾಗಿತ್ತು. ಮನೆಯಲ್ಲಿ ಕೂಸು ಅಳುತ್ತಿರಬೇಕು. ಅದೂ ಯಾರದೋ ಕೂಸಿನ ಹಾಗೆ ದೂರದಲ್ಲಿತ್ತು.

ಹೊಳಬಸಪ್ಪ ಬಾಗಿಲು ಓರೆ ಮಾಡಿ ಬಂದು ಮೆಲ್ಲಗೆ ಹೇಳಿದರು: "ಇಂದ್ರಾ, ನಾ ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ವಯಸ್ಸು ನೆನಪೈತಿ ನಿನಗ. ಆರು ವರ್ಷದ ಹುಡುಗರ ಕಾಲು ಇಷ್ಟಿರತೈತಿ, ಎಂಟು ವರ್ಷದವ್ರದು ಇಷ್ಟು. ಒಂದು ಅಂದಾಜಿಗೆ ಹಾಕಿಬಿಡು. ಮಿರಜಿನ್ಯಾವರು ಬೂಟು ಹಿಗ್ಗಸಾಕ ಕುಗ್ಗಸಾಕ ಒಂದು ತೂತು ಮ್ಯಾಲೆ ಕೆಳಗೆ ಇಟ್ಟs ಮಾಡ್ತಾರ. ಪಾಳಿ ಉಳೀತೈತಿ, ನಿನ್ನ ನೌಕರಿ ಉಳೀತೈತಿ, ಆ ಅಲೀಮಾಂದೂ ಉಳೀತೈತಿ. ಯಾರಿಗೂ ಗೊತ್ತಾಗಂಗಿಲ್ಲ."

ಕೆಟ್ಟ ಮನುಷ್ಯನಲ್ಲ. ಎಪ್ಪತ್ತಮೂರು ಮನೆಯ ಬಾಗಿಲಿಗೆ ಹೋಗಿ 'ಈ ವರ್ಷ ಇಲ್ಲ' ಎನ್ನಬೇಕಾದವರು ಅವರೇ.

ಇಂದ್ರಾಬಾಯಿ ಹೊಸ ಫ್ಲಾಪಿ ತೆಗೆದಳು. ಹಾಕಿದಳು. ಬೆರಳು ತಾನಾಗಿ ಓಡಿತು. ಒಂದನೆಯ ಹೆಸರು ಗುಡೂರಿನ ಬಸಲಿಂಗ, ಎಂಟು ವರ್ಷ. ತೊಡೆಯ ಸುತ್ತು? ಹತ್ತು ಇಂಚು ಎಂದು ಒತ್ತಿದಳು. ಮೊಣಕಾಲಿನಿಂದ ಹಿಮ್ಮಡಿ? ಹನ್ನೊಂದು. ಎಷ್ಟು ಸುಲಭ. ಎರಡನೆಯ ಹೆಸರು. ಮೂರನೆಯದು. ನಾಲ್ಕನೆಯದಕ್ಕೆ 'ಕಂದಗಲ್ಲ, ರಂಗವ್ವ, ಎಡಗಾಲು' ಎಂದು ಒತ್ತಿ ತಲೆ ಎತ್ತಿದರೆ ಓರೆ ಬಾಗಿಲಿನ ಸಂದಿನಲ್ಲಿ ಬಾಂಕಿನ ಮೇಲೆ ಆ ಹುಡುಗಿ ಇನ್ನೂ ಕೂತಿದ್ದಳು. ಮಗಳನ್ನು ಅಲ್ಲೇ ಬಿಟ್ಟು ಸಂತೆಗೆ ಹೋದ ತಾಯಿ ತಿರುಗಿ ಬಂದಿರಲಿಲ್ಲ. ಮಗ್ಗದ ಮನೆಗೆ ಹೋಗದೆ ಉಳಿದಿದ್ದ ಅಲೀಮಾ ಎದುರಿಗೆ ನೆಲದ ಮೇಲೆ ಕೂತು, ಮಗುವಿನ ಬತ್ತಿದ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಗಾಯದ ಗುಳಿಯ ಸುತ್ತ ಕೊಬ್ಬರಿ ಎಣ್ಣೆ ತೀಡುತ್ತಿದ್ದಳು. ಯಾರೂ ಹೇಳಿರಲಿಲ್ಲ.

"ಕಚಗುಳಿ ಇಡತಾಳ ಈ ಮುದಕಿ" ಎನ್ನುತ್ತಿದ್ದಳು ರಂಗವ್ವ.

"ಮುದಕಿ ಯಾರಬೇ? ನಿನ್ನ ಮದವಿಗೆ ನಾನs ಸೀರಿ ಸೆರಗು ಕೂಡ್ರಸಾಕಿ, ನೆನಪಿರಲಿ."

ಇಂದ್ರಾಬಾಯಿ ಪರದೆಯ ಮೇಲಿನ ಮೂರು ಸಾಲುಗಳನ್ನು ನೋಡಿದಳು. ಹತ್ತು, ಹನ್ನೊಂದು, ಹತ್ತೂವರೆ. ಒಪ್ಪವಾಗಿ, ಒಂದರ ಕೆಳಗೊಂದು, ಖರೆಯ ಅಳತೆಯಂತೆಯೇ ಕೂತಿದ್ದವು. ಈ ಕಾಗದ ಮಿರಜಿಗೆ ಹೋದರೆ ಮುಂದಿನ ವರ್ಷ ಎಪ್ಪತ್ತಮೂರು ಮೊಣಕಾಲಿನ ಹಿಂದೆ ಅಂಥ ಗುಳಿ. ಸ್ವಿಚ್ಚು ಆರಿಸಿದಳು. ಯಂತ್ರ ಎಲ್ಲ ಮರೆಯಿತು.

ಅಳತೆ ಟೇಪು, ಪೆನ್ಸಿಲ್ಲು, ಒಂದು ಕಾಗದ ಹಿಡಿದು ಹೊರಗೆ ಬಂದು ಅಲೀಮಾಳ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಕಾಲು ಹಿಡಿ, ಅಲ್ಲಾಡಬಾರದು" ಎಂದಳು. ಟೇಪು ಬಿಚ್ಚುತ್ತ, "ಆಗ ಅಂದದ್ದು ಮನಸಿನ್ಯಾಗ ಇಟಗೋಬ್ಯಾಡವಾ" ಎಂದಳು.

ಅಲೀಮಾ ಕಾಲು ಹಿಡಿದಳು. ಹದಿನಾಲ್ಕೂ ಅಳತೆಯನ್ನು ಎರಡೆರಡು ಸಲ ತೆಗೆದರು.

ಮೂರೂವರೆಗೆ ಇಂದ್ರಾಬಾಯಿ ಹೊಳಬಸಪ್ಪನವರ ಮೇಜಿನ ಮುಂದೆ ನಿಂತಳು. ಫೋನು ಅಲ್ಲೇ, ಬೀಗ ಹಾಕಿದ ಪೆಟ್ಟಿಗೆಯಲ್ಲಿ.

"ಕಿಲಿ ಕೊಡ್ರಿ ಕಾಕಾ."

"ವಿಚಾರ ಮಾಡು ಇಂದ್ರಾ. ನಾಳೆ ಮುಂಜಾನೆ ತನಕ ಟೈಮ್ ಐತಿ."

"ನಾಳೆ ಹೇಳಿದ್ರ ಮಿರಜಿನ ಪಾಳಿ ಹೋತ್ರಿ. ಇವತ್ತ ಹೇಳಿದ್ರ ಡಾಕ್ಟರ್ ಏನರೆ ಮಾಡ್ಯಾರು."

ಬಾಗಲಕೋಟೆಗೆ ಟ್ರಂಕ್ ಕಾಲು, ಅರ್ಜೆಂಟು ಎಂದು ಬರೆಸಿದಳು. ಕಾಯುವಾಗ ಕಾಲು ನಿಲ್ಲಲಿಲ್ಲ. ಮೇಜಿನ ಮೇಲಿನ ಗುಂಡುಪಿನ್ನುಗಳನ್ನೆಲ್ಲ ಒಂದೇ ಕಡೆ ಮುಖ ಮಾಡಿ ಜೋಡಿಸಿದಳು, ಮತ್ತೆ ಕೆಡಿಸಿದಳು. ನಲವತ್ತು ನಿಮಿಷದ ಮೇಲೆ ಗಂಟೆ ಹೊಡೆಯಿತು. ದೂರದಲ್ಲಿ ಯಾರದೋ ಮದುವೆಯ ಮಾತುಕತೆ ಗುಜುಗುಜು ಕೇಳಿ, ಕಡಿದು, ಅದರ ಮೇಲೆ ಡಾಕ್ಟರರ ದಪ್ಪ ದನಿ ಬಂತು.

"ಯಾರು? ಇಂದ್ರಾನ? ಪ್ರಿಂಟ್ ಆತೇನು?"

"ಇಲ್ರಿ. ಅಳತಿ ಎಲ್ಲಾ ಹೋದೂವ್ರಿ ಡಾಕ್ಟರ್. ಕೇಬಲ್ಲು ತಿರುವುಮುರುವು ಇತ್ತು, ನಾ ನೋಡದs ಫ್ಲಾಪಿ ಹಾಕೀನಿ. ಅಳಿಸಿ ಹೋತ್ರಿ. ಎರಡನೇ ಫ್ಲಾಪಿ ಮಾಡಿರಲಿಲ್ಲ. ಚೀಟಿ ರದ್ದಿಗೆ ಕೊಡಸಿದಾಕಿನೂ ನಾನ." ಒಂದೇ ಉಸಿರಿನಲ್ಲಿ ಹೇಳಿದಳು. ಅಲೀಮಾಳ ಹೆಸರು ಎತ್ತಲಿಲ್ಲ.

ಆ ಕಡೆ ಕುರ್ಚಿ ಸರಿದ ಸದ್ದು.

"ಎಷ್ಟು ಸಲ ಬಡಕೊಂಡಿದ್ದೆ ನಾ?"

"ಭಾಳ ಸಲ ಹೇಳಿದ್ರಿ. ಆಮ್ಯಾಲೆ ಬೈರಿ. ಮೊದಲ ಮಿರಜಿಗೆ ಫೋನ್ ಮಾಡ್ರಿ, ನಮ್ಮ ಪಾಳಿ ಶನಿವಾರಕ್ಕ ಹಾಕ್ರಿ ಅಂತ ಕೇಳ್ರಿ. ಜೀಪ್ ಕೊಡ್ರಿ. ನಾಳಿಂದ ನಾನs ಊರೂರಿಗೆ ಹೋಗಿ ಅಳದು ತರತೀನಿ."

"ನೀ? ಕೂಸಿಗೆ ಮೈ ಬೆಚ್ಚಗಾದ್ರ ರಜಾ ಹಾಕಾಕಿ ನೀ."

"ಕೂಸಿನ್ನ ಬಗಲಾಗ ಹಾಕ್ಕೊಂಡು ಹೋಗತೀನ್ರಿ."

"ಒಂದೂ ಅಳತಿ ಉಳದಿಲ್ಲೇನು?"

"ಒಂದೈತ್ರಿ, ಈಗ ತಗದದ್ದು. ಉಳದ ಎಪ್ಪತ್ತೆರಡು ಮಂದಿ ಹೆಸರು, ಊರು, ತಂದಿ ಹೆಸರು, ಯಾವ ಕಾಲು, ಎಲ್ಲಾ ಬಾಯಾಗ ಅದಾವ. ಅಳತಿ ಮಾತ್ರ ಇಲ್ರಿ."

ಡಾಕ್ಟರರು ಕಾಗದ ತಿರುವುವ ಸದ್ದು. ಪೆನ್ನಿನ ಟೊಪ್ಪಿಗೆ ತೆಗೆದ ಸದ್ದು. "ಊರಿನ ಪ್ರಕಾರ ಹೇಳು. ಜೀಪು ಯಾವ ದಾರಿ ಹಿಡೀಬೇಕು ಗೊತ್ತಾಗಲಿ."

ಆಗಲೇ ನಡುವೆ ಎಕ್ಸ್‌ಚೇಂಜಿನ ಹೆಂಗಸು ಬಂದಳು. "ಮೂರು ನಿಮಿಷ ಆತ್ರಿ. ಮುಂದುವರಸೂದೇನ್ರಿ?"

"ಮುಂದುವರಸ್ರಿ" ಎಂದಳು ಇಂದ್ರಾಬಾಯಿ. "ಡಾಕ್ಟರ್, ಬರಕೋರಿ. ಗುಡೂರಾಗ ನಾಕು ಮಂದಿ ಅದಾರ್ರಿ. ಒಂದನೇದು ಬಸಲಿಂಗ, ಬಲಗಾಲು..."